ಗಂಡನ ಫೋನಿಗೆ ಹಾಕಿದ್ದ ಲಾಕು

ನನ್ನ ಗಂಡ ತೀರಿಕೊಂಡ ಮೇಲೆ ಹದಿನಾರು ದಿನ ಅವರ ಫೋನು ಕೆಟ್ಟಿದೆ ಎಂದೇ ನಂಬಿದ್ದೆ. ಹಾಗೆಂದು ಹೇಳಿದವಳು ನನ್ನ ಮಗಳು. ಚಾರ್ಜಿಗೆ ಹಾಕಿದರೆ ಬೆಳಕು ಬರುತ್ತಿತ್ತು, ಗಂಟೆ ಎಷ್ಟೆಂದು ತೋರಿಸುತ್ತಿತ್ತು. ಗಾಜಿನ ಮೇಲೆ ಬೆರಳಿಟ್ಟು ಎಳೆದರೆ, ಒತ್ತಿದರೆ, ಪಕ್ಕದ ಗುಂಡಿ ಅಮುಕಿದರೆ ಏನೂ ಆಗುತ್ತಿರಲಿಲ್ಲ.

ನನಗೆ ಆ ಫೋನು ಬೇಕಾಗಿದ್ದದ್ದು ಒಂದು ಫೋಟೋ ಸಲುವಾಗಿ. ಗೋಡೆಗೆ ಹಾಕುವಂಥ ಅವರ ಫೋಟೋ ಮನೆಯಲ್ಲಿ ಇರಲಿಲ್ಲ. ಮದುವೆಯದು ಬಿಟ್ಟರೆ ರೇಷನ್ ಕಾರ್ಡಿನದು. ಅವರು ಮಗ್ಗದ ಮೇಲೆ ಕೂತಿದ್ದಾಗ ಮಗಳು ತೆಗೆದದ್ದು ಒಂದು ಆ ಫೋನಿನಲ್ಲಿತ್ತು. ಅದನ್ನು ತೆಗೆದು ಕೊಡು ಎಂದು ಕೇಳಿದೆ. "ಅದು ಕೆಟ್ಟೈತಿ ಬಿಡವ್ವ, ಬ್ಯಾರೆ ಫೋಟೋ ನೋಡೋಣು" ಎಂದಳು.

ಫೋನು ಕೆಟ್ಟಿರಲಿಲ್ಲ. ಅದಕ್ಕೆ ಲಾಕು ಹಾಕಿದ್ದರು. ಯಾರಿಂದ, ಏನನ್ನು ಮುಚ್ಚಿಡಲು ಹಾಕಿದ್ದರು ಎಂದು ತಿಳಿದ ಮೇಲೆ, ನನ್ನ ಮನೆಯವರ ಮಾತನ್ನು ಇನ್ನು ಹೇಗೆ ನಂಬಬೇಕು ಎನ್ನುವುದೇ ನನಗೆ ತಿಳಿಯದಾಯಿತು. ಆ ಮಾತು ನನ್ನೊಳಗೆ ಇನ್ನೂ ಮುಗಿದಿಲ್ಲ.

ನಾವು ಬನಹಟ್ಟಿಯವರು. ನೇಕಾರರ ಓಣಿಯಲ್ಲಿ ಮನೆ. ಓಣಿಯ ತುಂಬ ಪಾವರ್‌ಲೂಮು ಬಂದು ಬೆಳಗಿನಿಂದ ಒಂದೇ ಸಮನೆ ಖಡಖಡ ಸದ್ದು. ನನ್ನ ಗಂಡ ಮಾತ್ರ ಕುಣಿಮಗ್ಗ ಬಿಡಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೈಯಿಂದ ಲಾಳಿ ಓಡಿಸಿ ನೇಯುವ ಮಗ್ಗ ಅದು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ನೇಕಾರನ ಹೊಟ್ಟೆಗೆ ತಾಗಿಯೇ ಇರುತ್ತದೆ. ಎಳೆಗಳನ್ನು ಒತ್ತಾಗಿ ಕೂಡಿಸುವ ಹಲಗೆಯನ್ನು ಎಳೆದು ಬಡಿದಾಗಲೆಲ್ಲ ಮೈ ಮುಂದೆ ಬಾಗಿ ಹೊಟ್ಟೆ ದಿಂಡಿಗೆ ಒತ್ತುತ್ತದೆ. ನನ್ನ ತಂದೆಯೂ ಹೀಗೆಯೇ ನೇಯ್ದವನು. ನಾನು ಸಾಲಿಗೆ ಹೋಗುವ ಮೊದಲು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಟ್ಟು ಹೋಗುತ್ತಿದ್ದವಳು.

ತವರೂರು ಬೀಳಗಿ ತಾಲೂಕಿನದು. ಆಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಮುಳುಗಡೆಯವಳು ಎಂಬ ಕಾಗದ ಇತ್ತೆಂದು, ಹತ್ತನೆಯ ಇಯತ್ತೆ ಪಾಸಾಗಿದ್ದೆನೆಂದು, ಬೀಳಗಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಕಾಯಂ ಆಗಿರಲಿಲ್ಲ. ವಾರ ಬಿಟ್ಟು ವಾರ ಶನಿವಾರ ಮಧ್ಯಾಹ್ನ ಹೊರಟು, ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬನಹಟ್ಟಿಗೆ ಬರುತ್ತಿದ್ದೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮರಳುತ್ತಿದ್ದೆ. ಒಬ್ಬಳೇ ಮಗಳು. ಜಮಖಂಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಅಪ್ಪನಿಗೆ ಅಡುಗೆ ಮಾಡಿ ಹಾಕುತ್ತಿದ್ದಳು.

ಮೊದಲು ಅವರ ಹತ್ತಿರ ಇದ್ದದ್ದು ಗುಂಡಿಗಳ ಸಣ್ಣ ಫೋನು. ಅವರು ಮಗ್ಗದ ಮೇಲೆ ಕೂರುವಾಗ ಹೊಟ್ಟೆಯ ಹತ್ತಿರ ಕಿಸೆ ಇರುವ ಬನಿಯನ್ನು ಹಾಕುತ್ತಿದ್ದರು. ಫೋನು ಆ ಕಿಸೆಯಲ್ಲಿ. ಗುಂಡಿಗಳು ಒತ್ತದ ಹಾಗೆ ಮಾಡಬೇಕಾದರೆ ಎರಡು ಗುಂಡಿಗಳನ್ನು ಒಂದರ ಹಿಂದೊಂದು ಒತ್ತಬೇಕಿತ್ತು. ಅವರು ಅದನ್ನು ಎಂದೂ ಮಾಡಲಿಲ್ಲ. ದಿಂಡು ತಾಗಿ ಹಸಿರು ಗುಂಡಿ ಎರಡು ಸಲ ಒತ್ತಿತೆಂದರೆ ಕೊನೆಗೆ ಯಾರ ಜೊತೆ ಮಾತಾಡಿದ್ದರೋ ಅವರಿಗೆ ಫೋನು ಹೋಗುತ್ತಿತ್ತು. ಕೊನೆಗೆ ಮಾತಾಡಿದವಳು ಯಾವಾಗಲೂ ನಾನೇ.

ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಫೋನು ಬರುತ್ತಿತ್ತು. ಎತ್ತಿದರೆ ಮಾತಿಲ್ಲ. ಹಲಗೆ ಬಡಿಯುವ ಸದ್ದು, ನಡುವೆ ಅವರ ಕೆಮ್ಮು, ಒಮ್ಮೊಮ್ಮೆ ತಮ್ಮಷ್ಟಕ್ಕೆ ತಾವು ಗುನುಗುವುದು. ಜೊತೆಗೆ ಕೆಲಸ ಮಾಡುವವಳು, "ಬಂತ ನೋಡ ನಿನ್ನ ಗಂಡನ ಮಗ್ಗ" ಎಂದು ಚಾಷ್ಟಿ ಮಾಡುತ್ತಿದ್ದಳು. ಸಂಜೆ ನಾನು, "ನಿಮ್ಮ ಹೊಟ್ಟಿ ಇವತ್ತ ಮೂರ ಸಲ ಫೋನ್ ಹಚ್ಚಿತ್ರಿ" ಎಂದರೆ, "ಹಸದಿತ್ತು, ನಿನಗಲ್ದ ಯಾರಿಗೆ ಹೇಳಬೇಕದು" ಎನ್ನುತ್ತಿದ್ದರು.

ನಾನು ಆ ಫೋನನ್ನು ಕೂಡಲೇ ಕಟ್ ಮಾಡುತ್ತಿರಲಿಲ್ಲ. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡು ರೊಟ್ಟಿ ಆಗುವ ತನಕ ಕೇಳುತ್ತಿದ್ದೆ. ಇದು ಎಷ್ಟೋ ವರ್ಷ ನಡೆಯಿತು.

ಒಂದು ದಿನ ಹಾಗೆ ಬಂದ ಫೋನಿನಲ್ಲಿ ಮಗ್ಗದ ಸದ್ದಿರಲಿಲ್ಲ. ಜನರ ಗದ್ದಲ. ಒಬ್ಬ ಹೆಂಗಸು ಮರಾಠಿಯಲ್ಲಿ ಸತ್ತಾವೀಸ್, ಅಠ್ಠಾವೀಸ್ ಎಂದು ಎಣಿಸುತ್ತಿದ್ದಳು. ನಾನು ಹಲೋ ಹಲೋ ಎನ್ನುವುದರೊಳಗೆ ಕಟ್ಟಾಯಿತು. ಸಂಜೆ ಕೇಳಿದೆ. ಮಹಾರಾಷ್ಟ್ರದ ಕಡೆಯ ವ್ಯಾಪಾರಸ್ತರು ಸಾವಕಾರರ ಮನೆಗೆ ಬಂದಿದ್ದರು, ಸೀರೆ ಎಣಿಸಿಕೊಳ್ಳುತ್ತಿದ್ದರು ಎಂದರು. ಹೆಂಗಸಿನ ದನಿ ಇತ್ತಲ್ಲ ಎಂದೆ. ಈಗ ಹೆಂಗಸರೂ ವ್ಯಾಪಾರಕ್ಕೆ ಬರುತ್ತಾರೆ ಎಂದರು. ಅದೂ ಸರಿ ಅನಿಸಿತು. ನಮ್ಮೂರಿನ ಸೀರೆಗೆ ಮರಾಠಿ ವ್ಯಾಪಾರಸ್ತರು ಬರುವುದು ಹೊಸದಲ್ಲ. ಸೀರೆ ಎಣಿಸುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬೇರೆ ಏನನ್ನೋ ಹಾಗೆ ಎಣಿಸಿ ಕರೆಯುತ್ತಾರೆಂದು ನನ್ನ ತಲೆಗೆ ಬರಲೇ ಇಲ್ಲ.

ಮುಂದಿನ ಸಲ ಊರಿಗೆ ಬಂದಾಗ ಮಗಳು ತನ್ನ ಹಳೆಯ ಗಾಜಿನ ಫೋನನ್ನು ಅಪ್ಪನಿಗೆ ಕೊಟ್ಟಿದ್ದಳು. ಅದರೊಳಗೆ ಒಂದು ಸಾಫ್ಟ್‌ವೇರ್ ಹಾಕಿದ್ದಳು. ಅದನ್ನು ಚಾಲೂ ಮಾಡಿಟ್ಟರೆ ಗಾಜನ್ನು ಎಲ್ಲಿ ಮುಟ್ಟಿದರೂ, ಪಕ್ಕದ ಗುಂಡಿ ಒತ್ತಿದರೂ ಫೋನು ಅಲ್ಲಾಡುವುದಿಲ್ಲ. ಯಾರಾದರೂ ಫೋನು ಮಾಡಿದಾಗ ಮಾತ್ರ ಎತ್ತಲು ಬಿಡುತ್ತದೆ. ಬಿಡಿಸಬೇಕಾದರೆ ಗಾಜಿನ ಒಂದು ಮೂಲೆಯಲ್ಲಿ ಬೆರಳಿನಿಂದ ಇಷ್ಟು ಸಲ ಎಂದು ಬಡಿಯಬೇಕು. ಯಾವ ಮೂಲೆ, ಎಷ್ಟು ಸಲ, ನನಗೂ ತೋರಿಸು ಎಂದೆ. "ನಿನಗ್ಯಾಕವ್ವ, ನೀ ಏನ್ ಈ ಫೋನ್ ಹಿಡಿಯಾಕೇನು" ಎಂದಳು. ಇನ್ನು ಮೇಲೆ ನಿನ್ನ ಕೆಲಸಕ್ಕೆ ತ್ರಾಸು ಆಗುವುದಿಲ್ಲ ಎಂದೂ ಹೇಳಿದಳು.

ನನಗೆ ತ್ರಾಸು ಆಗುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಮಗಳು ಅವ್ವನ ಸಲುವಾಗಿ ಇಷ್ಟು ಯೋಚನೆ ಮಾಡಿದಳಲ್ಲ ಎಂದು ಸಂತೋಷಪಟ್ಟೆ. ಪಕ್ಕದ ಮನೆಯ ಅಕ್ಕನ ಮುಂದೆ ಹೇಳಿಕೊಂಡೆ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಇಲ್ಲ. ನಮ್ಮ ಓಣಿಯಲ್ಲಿ ನನ್ನ ಗಂಡನನ್ನು ಬಿಟ್ಟರೆ ಕುಣಿಮಗ್ಗ ಬಲ್ಲವಳು ಅವಳೊಬ್ಬಳೇ. ನನ್ನ ಮಾತಿಗೆ ಹೂಂ ಎಂದಳು. ಕೈಯಲ್ಲಿದ್ದ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ.

ಅಂದಿನಿಂದ ತಾನಾಗಿ ಬರುವ ಫೋನು ನಿಂತಿತು. ಒಂದು ವಾರ, ಎರಡು ವಾರ ನನಗೆ ರೊಟ್ಟಿ ಬಡಿಯುವ ಹೊತ್ತು ಉದ್ದವಾದ ಹಾಗೆ ಇತ್ತು. ಫೋನು ಬರದಿದ್ದರೆ ಲಾಕು ಸರಿಯಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆ. ಅದಕ್ಕಿಂತ ದೊಡ್ಡ ತಪ್ಪು ನಾನು ಜನ್ಮದಲ್ಲಿ ಮಾಡಿಲ್ಲ.

ಅವರು ಬಡಕಲಾಗುತ್ತಿದ್ದರು. ಕೇಳಿದರೆ ಹಲ್ಲು ನೋವು, ರೊಟ್ಟಿ ಅಗಿಯಲು ಬರುವುದಿಲ್ಲ ಎಂದರು. ತಂಬಾಕು ಬಿಟ್ಟಿದ್ದರು. ಅದಕ್ಕೇ ಹೀಗೆ, ಬಿಟ್ಟ ಹೊಸದರಲ್ಲಿ ಮೈ ಇಳಿಯುತ್ತದೆ ಎಂದಳು ಮಗಳು. ಇಪ್ಪತ್ತು ವರ್ಷ ನಾನು ಬಿಡಿ ಬಿಡಿ ಎಂದರೂ ಬಿಡದವರು ಈಗ ಬಿಟ್ಟರಲ್ಲ ಎಂದು ನಾನು ಹಿಗ್ಗಿದೆ. ಅನ್ನ ಮೆತ್ತಗೆ ಕುದಿಸಿ ಹಾಕು ಎಂದು ಮಗಳಿಗೆ ಹೇಳಿ ಹೋದೆ.

ಮಗ್ಗದ ಮೇಲಿನ ಸೀರೆ ಮಾತ್ರ ಪ್ರತಿ ಸಲ ಬೆಳೆದಿರುತ್ತಿತ್ತು. ಬಂದ ಕೂಡಲೇ ದಿಂಡಿನ ಮೇಲಿನ ಬಟ್ಟೆಗೆ ಕೈಯಾಡಿಸುವುದು ನನ್ನ ರೂಢಿ. ಒಂದು ಭಾನುವಾರ ಕೈಯಾಡಿಸಿದಾಗ ಬಟ್ಟೆ ಸಡಿಲ ಅನಿಸಿತು. ಅವರ ಬಡಿತ ಗಟ್ಟಿ. ಅವರು ನೇಯ್ದ ಸೀರೆ ಹಿಡಿದರೆ ನೀರು ಚಿಮುಕಿಸಿದರೂ ಹನಿ ಮೇಲೆಯೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಇದು ಹಾಗಿರಲಿಲ್ಲ. ಒಂದೇ ಸೀರೆಯಲ್ಲಿ ಒಂದು ಗೇಣು ಗಟ್ಟಿ, ಮುಂದೆ ಎರಡು ಮೊಳ ಸಡಿಲ. ಇದೇನು ಎಂದು ಕೇಳಿದೆ. ಅವರು ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ಹಲಗಿ ಹಗ್ಗ ಸಡಲ ಆಗೇತಿ, ಬಡತ ಬೀಳವಲ್ದು" ಎಂದರು.

ನಾನು ಊಟ ಮುಗಿಸಿ ಸೆರಗು ಕಟ್ಟಿ ಹಲಗೆಯ ಹಗ್ಗ ಬಿಗಿ ಮಾಡಿದೆ. ಒಂದು ಮಧ್ಯಾಹ್ನ ಹಿಡಿಯಿತು. ಅವರು ನೋಡುತ್ತ ಕೂತಿದ್ದರು. ಮಗಳು ಚಹಾ ತಂದು ಕೊಟ್ಟಳು.

ಅದೇ ಹೊತ್ತಿಗೆ ನನ್ನ ತಮ್ಮ ಪುನರ್ವಸತಿ ಊರಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶದ ವಾಸ್ತು ಇಟ್ಟುಕೊಂಡ. ಮುಳುಗಿದ ಊರಿನ ಬದಲಿಗೆ ತವರು ಎನ್ನಲು ನನಗೆ ಇನ್ನು ಅದೇ ಇತ್ತು. ಗಂಡ ಬರುತ್ತೇನೆಂದು ಹೇಳಿ ಬರಲಿಲ್ಲ. ಸೀರೆ ಕೊಡುವ ಗಡಿಬಿಡಿ ಇದೆ ಎಂದರು. ನನ್ನ ತಮ್ಮನ ಹೆಂಡತಿಯ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಆ ದಿನ ಸಂಜೆ ಫೋನಿನಲ್ಲಿ ಬೈದೆ. "ನನ್ನ ತವರಿನ ಮಂದಿ ನಿಮಗ ಯಾವಾಗ ಬೇಕಾಗಿದ್ರು, ಇವತ್ತ ಬೇಕಾಗಾಕ" ಎಂದೆ. ಅವರು ತಪ್ಪಾಯಿತು ಎಂದರು. ನಾನು ಮೂರು ದಿನ ಫೋನು ಮಾಡದೆ ಸಿಟ್ಟಿನಲ್ಲಿದ್ದೆ.

ಯುಗಾದಿಗೆ ಮೊದಲು ನನ್ನ ಕೆಲಸ ಕಾಯಂ ಆಗಿ ಆರ್ಡರು ಬಂತು. ಆ ವರ್ಷ ರಜೆ ಹಾಕಬೇಡ, ಕಾಯಂ ಮಾಡುವವರ ಪಟ್ಟಿ ಮೇಲೆ ಹೋಗಿದೆ ಎಂದು ವಾರ್ಡನ್ ಮೊದಲೇ ಹೇಳಿದ್ದರು. ನಾನೂ ಹಾಕಿರಲಿಲ್ಲ. ಶನಿವಾರ ಜಮಖಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ಪೇಢೆ ತಗೊಂಡು ಬಂದೆ. ಅವರು ಆರ್ಡರಿನ ಕಾಗದವನ್ನು ಎರಡು ಸಲ ಓದಿಸಿದರು. ಪೇಢೆಯಲ್ಲಿ ಅರ್ಧ ಮುರಿದು ತಿಂದರು. ನಾನು ಬಹಳ ಮಾತಾಡಿದೆ ಆ ದಿನ. ಇನ್ನು ನೀವು ಮಗ್ಗ ಬಿಟ್ಟರೂ ಚಿಂತೆಯಿಲ್ಲ ಎಂದೆ. ಅವರು ನಕ್ಕರು. ಮಗಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಒಂದು ಬುಧವಾರ, ಮಗಳು ಫೋನು ಮಾಡಿದಳು. ಅಪ್ಪಗೆ ಆರಾಮಿಲ್ಲ, ಮೀರಜಕ್ಕೆ ಕರೆದುಕೊಂಡು ಹೊರಟಿದ್ದೇವೆ, ನೀನು ಅಲ್ಲಿಗೇ ಬಾ ಎಂದಳು. ನಾನು ಹೋಗಿ ಮುಟ್ಟುವಷ್ಟರಲ್ಲಿ ಡಾಕ್ಟರು ಮನೆಗೆ ಕರೆದೊಯ್ಯಲು ಹೇಳಿದ್ದರು. ಹೊಟ್ಟೆಯೊಳಗೆ ಗಂಟು, ಕೈ ಮೀರಿದೆ. ಇಷ್ಟು ಬೇಗ ಹೇಗೆ ಎಂದು ನಾನು ಮಗಳನ್ನು ಕೇಳಿದೆ. "ಒಮ್ಮೊಮ್ಮೆ ತಡಾ ಆಗಿ ಗೊತ್ತಾಗತೈತಂತವ್ವ" ಎಂದಳು. ಒಂಬತ್ತು ದಿನ ಮನೆಯಲ್ಲಿದ್ದರು. ಮಾತು ಕಡಿಮೆಯಾಗಿತ್ತು. ಒಂದು ದಿನ ಬಾಯಿಗೆ ನೀರು ಬಿಡುವಾಗ, "ಸಿಟ್ಟ ಮಾಡಬ್ಯಾಡ" ಎಂದರು. ಬೇನೆ ಬಿದ್ದದ್ದಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು, ನಾನ್ಯಾಕೆ ಸಿಟ್ಟು ಮಾಡಲಿ ಎಂದೆ. ಅವರು ಕಣ್ಣು ಮುಚ್ಚಿದರು. ಆ ಮಾತಿನ ಅರ್ಥ ಕೇಳಲು ಮತ್ತೆ ಅವಕಾಶ ಸಿಗಲಿಲ್ಲ.

ಮಾತಾಡಿಸಲು ಬಂದವರೆಲ್ಲ ಎಷ್ಟು ಲಗೂ ಹೋದರು, ಗೊತ್ತೇ ಆಗಲಿಲ್ಲ ನೋಡು ಎಂದು ಅಳುತ್ತಿದ್ದರು. ಅವರು ಬೇರೆ ಊರಿನವರು. ನಮ್ಮ ಓಣಿಯವರು ಅಳುತ್ತಿದ್ದರು, ಆದರೆ ಆ ಮಾತು ಆಡಲಿಲ್ಲ. ಇದನ್ನು ನಾನು ಆಗಲೇ ಗಮನಿಸಬೇಕಿತ್ತು.

ಹದಿನೇಳನೆಯ ದಿನ ಕೆಲಸಕ್ಕೆ ಮರಳಿ ಹೊರಟೆ. ಮಗಳಿಗೆ ಹೇಳದೆ ಅವರ ಫೋನನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ರಿಪೇರಿ ಮಾಡಿಸಿ, ಫೋಟೋ ತೆಗೆಸಿ, ಕಟ್ಟು ಹಾಕಿಸಿ ತಂದರೆ ಅಪ್ಪನ ಮುಖ ನೋಡಿ ಆಕೆಗೆ ಸಮಾಧಾನವಾದೀತು ಎಂದಿತ್ತು ನನಗೆ. ಜಮಖಂಡಿಯಲ್ಲಿ ಬಸ್ಸಿಳಿದು ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಕೆಟ್ಟಿಲ್ರಿ ಅಕ್ಕಾರ. ಲಾಕ್ ಹಾಕ್ಯಾರ. ಹೆಂಗ ಬಿಡಸೂದು ಹಾಕಿದವರನ್ನ ಕೇಳ್ರಿ" ಎಂದ. ಹಾಕಿದವರು ಈಗ ಇಲ್ಲ ಎಂದೆ. ಹಾಕಿದವಳು ಮನೆಯಲ್ಲೇ ಇದ್ದಾಳೆ ಎನ್ನುವುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅವನು ಹೊರಗಿನಿಂದ ಹಾಕಿದ ಸಾಫ್ಟ್‌ವೇರ್ ಯಾವುದೂ ಏಳದ ಹಾಗೆ ಫೋನನ್ನು ಬಂದ್ ಮಾಡಿ ಚಾಲೂ ಮಾಡಿದ. ಲಾಕನ್ನು ಕಿತ್ತು ತೆಗೆದ. ಮತ್ತೊಮ್ಮೆ ಚಾಲೂ ಮಾಡಿ ನನ್ನ ಕೈಗೆ ಕೊಟ್ಟ. ಗಾಜು ಮುಟ್ಟಿದೆ, ಸರಿಯಿತು.

ಬೀಳಗಿಯ ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂತು ಫೋಟೋ ಹುಡುಕಿದೆ. ಮಗ್ಗದ ಫೋಟೋ ಸಿಕ್ಕಿತು. ಅದರ ಆಚೆ ಈಚೆ ಬರೀ ಕಾಗದಗಳ ಫೋಟೋ. ರಕ್ತ ಪರೀಕ್ಷೆಯವು, ಸ್ಕ್ಯಾನಿಂಗಿನವು, ಮೀರಜದ ದವಾಖಾನೆಯ ಚೀಟಿಗಳು. ಅವುಗಳ ಮೇಲಿನ ತಾರೀಖು ನೋಡಿದೆ. ಆ ಕೊನೆಯ ಒಂಬತ್ತು ದಿನದವಲ್ಲ. ಅವರು ಹೋಗುವುದಕ್ಕೆ ಎಂಟು ತಿಂಗಳ ಮೊದಲಿನಿಂದ ಇದ್ದವು.

ಆಮೇಲೆ ವಾಟ್ಸಾಪ್ ತೆಗೆದೆ. ಅವರಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಮಗಳು ಕಾಲೇಜಿಗೆ ಹೋದಾಗ ಇಬ್ಬರೂ ದನಿಯನ್ನೇ ಕಳಿಸಿಕೊಂಡಿದ್ದರು. ಬೆರಳಿನಿಂದ ಸರಿಸಿದಷ್ಟೂ ಬರುತ್ತಲೇ ಇದ್ದವು. ಒಂದನ್ನು ಒತ್ತಿ ಕಿವಿಗೆ ಹಿಡಿದೆ. ಹದಿನೇಳು ದಿನದ ಮೇಲೆ ಅವರ ದನಿ ಕೇಳಿದೆ.

"ಮಗಳ, ನಿಮ್ಮವ್ವ ಈಗ ಫೋನ್ ಹಚ್ಚಿದ್ಲು. ಮಗ್ಗದ ಮ್ಯಾಲ ಅದೇನಿ ಅಂದೆ. ಬಾಜೂಮನಿ ಅಕ್ಕಗ ಹೇಳು, ಐತವಾರದೊಳಗ ಇನ್ನ ಎರಡ ಮೊಳಾ ನೇಯ್ದಿಡ ಅಂತ. ಇಲ್ಲಂದ್ರ ಆಕಿ ಕಣ್ಣಿಗೆ ಬೀಳತೈತಿ."

ಇನ್ನೊಂದು, ಅದಕ್ಕಿಂತ ಹಳೆಯದು. "ಆ ಲಾಕ್ ಛಲೋ ಆತು. ಅವತ್ತ ದವಾಖಾನ್ಯಾಗ ಹೊಟ್ಟಿ ಹಿಡಕೊಂಡ ಕುಂತಾಗ ಆಕಿಗೆ ಫೋನ್ ಹೋಗಿಬಿಟ್ಟಿತ್ತು. ನಂಬರ ಕರಿಯೂದು ಆಕಿ ಕಿವಿಗೆ ಬಿದ್ದಿತ್ತು. ಇನ್ನ ಅದೇನ ಹೆದರಿಕಿಲ್ಲ."

ಮಗಳ ದನಿಯೂ ಇತ್ತು. ಆರ್ಡರು ಬಂತೆಂದು ನಾನು ಫೋನು ಮಾಡಿ ಹೇಳಿದ ದಿನದ್ದು. ಅಪ್ಪ, ಇನ್ನಾದರೂ ಅವ್ವಗೆ ಹೇಳೋಣ, ಈಗ ರಜೆ ಹಾಕಿದರೂ ಕೆಲಸ ಹೋಗುವುದಿಲ್ಲ ಎಂದು ಬೇಡಿಕೊಂಡಿದ್ದಳು. ಅದಕ್ಕೆ ಅವರು ಉತ್ತರ ಕೊಟ್ಟಿದ್ದರು. "ಇವತ್ತ ನಕ್ಕಾಳ. ಒಂದ ತಿಂಗಳ ನಗಲಿ ಬಿಡು."

ಬಸ್ಸು ಎಲ್ಲೆಲ್ಲಿ ನಿಂತಿತೋ ಗೊತ್ತಿಲ್ಲ. ಬೀಳಗಿಯಲ್ಲಿ ಕಂಡಕ್ಟರು ಎಬ್ಬಿಸಿದ. ನಾನು ನಿದ್ದೆ ಮಾಡಿದ್ದೇನೆ ಎಂದುಕೊಂಡಿದ್ದ. ಹಾಸ್ಟೆಲ್ಲಿಗೆ ಹೋಗಿ ಸೀರೆ ಬದಲಿಸಿ ಅಡುಗೆಗೆ ನಿಂತೆ. ಹುಡುಗಿಯರು ಒಬ್ಬೊಬ್ಬರೇ ಬಂದು ಮಾತಾಡಿಸಿ ಹೋದರು.

ಆ ವಾರವೇ ಕೇಳಿಕೊಂಡು ಮತ್ತೆ ಊರಿಗೆ ಹೋದೆ. ಮೊದಲು ಅಕ್ಕನ ಮನೆಗೆ ಹೋದೆ. ಆಕೆ ನನ್ನನ್ನು ನೋಡಿದ ಕೂಡಲೇ ತಿಳಿದುಕೊಂಡಳು. ಅವರ ಬದಲಿಗೆ ನೇಯಲು ನಾನು ಒಲ್ಲೆ ಎಂದಿದ್ದೆ, ಕೈ ಮುಗಿದು ಕೇಳಿಕೊಂಡರು, ಏನು ಮಾಡಲಿ ಎಂದಳು. ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳಬಾರದು ಎಂದು ಎಲ್ಲರಿಗೂ ಹೇಳಿದ್ದರು ಎಂದಳು. ನಾನು ಹಲಗೆ ಬಿಗಿ ಮಾಡಿಟ್ಟು ಹೋದ ಮೇಲೆ ಆಕೆಗೆ ಎಳೆಯಲು ಬಾರದೆ ತೋಳು ಊದಿತ್ತಂತೆ. ಅದನ್ನು ಹೇಳುವಾಗ ಆಕೆಗೆ ಅರೆಗಳಿಗೆ ನಗು ಬಂತು, ನನಗೂ. ಆಮೇಲೆ ಆಕೆ ನನ್ನ ಮುಖ ನೋಡಿ ಒಂದು ಮಾತು ಕೇಳಿದಳು.

"ನಾ ಅಂತೂ ನಿನಗ ಗೊತ್ತಾಗೈತಿ ಅಂತ ತಿಳಕೊಂಡಿದ್ದೆ ನೋಡು. ನೇಕಾರರ ಮನಿ ಮಗಳು ನೀ. ಕೈ ಬದಲಾದದ್ದು ನಿನಗ ತಿಳಿಲಿಲ್ಲೇನ?"

ತಿಳಿದಿತ್ತು. ಬೆರಳಿಗೆ ತಿಳಿದಿತ್ತು. ಅವರು ಒಂದು ಮಾತು ಹೇಳಿದರು, ನಾನು ಬೆರಳನ್ನು ಬಿಟ್ಟು ಆ ಮಾತನ್ನು ನಂಬಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದೂ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಈಗ ಹಿಂದೆ ಹೇಳಿದ್ದರಲ್ಲೂ ಎಷ್ಟು ಖರೆ, ಎಷ್ಟು ಸುಳ್ಳು ಎಂದು ಹುಡುಕುವ ಹಾಗಾಯಿತು. ಸತ್ತವರ ಮೇಲೆ ಹೀಗೆ ಅನುಮಾನ ಬರುವುದು ಬಹಳ ಕೆಟ್ಟದ್ದು. ಅಳಬೇಕೆಂದರೆ ಸಿಟ್ಟು ಅಡ್ಡ ಬರುತ್ತದೆ. ಸಿಟ್ಟು ಮಾಡಬೇಕೆಂದರೆ ಎದುರಿಗೆ ಮನುಷ್ಯನಿಲ್ಲ.

ಎದುರಿಗಿದ್ದವಳು ಮಗಳು. ಮನೆಗೆ ಬಂದು ಫೋನನ್ನು ಆಕೆಯ ಮುಂದೆ ಇಟ್ಟೆ. ಗಾಜು ಮುಟ್ಟಿ ತೋರಿಸಿದೆ. ಆಕೆ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅಪ್ಪ ಆಣಿ ಹಾಕಿಸ್ಕೊಂಡಿದ್ದ ಅವ್ವ. ನಿನ್ನ ಮ್ಯಾಲ ಆಣಿ ಹಾಕಿಸ್ಕೊಂಡಿದ್ದ."

"ಅಪ್ಪ ಇರೂತನಕ ಆಣಿ ಇತ್ತು. ಆಮ್ಯಾಲ ನಾ ಫೋಟೋ ಕೇಳಿದಾಗ ಕೆಟ್ಟೈತಿ ಅಂದ್ಯಲ್ಲ, ಅದು ಯಾರ ಹಾಕಿಸಿದ ಆಣಿ?"

ಆಕೆ ಫೋನನ್ನು ಮತ್ತೆ ನನ್ನ ಮುಂದೆ ಇಟ್ಟು, "ನೀ ನನ್ನ ಬಿಟ್ಟಬಿಡತಿ ಅಂತ ಹೆದರಿಕಿ ಬಂತು" ಎಂದಳು. ಎಲ್ಲ ಅಳಿಸಿಬಿಡಬೇಕೆಂದು ಮೂರು ಸಲ ಆ ಫೋನನ್ನು ಕೈಗೆ ತಗೊಂಡಿದ್ದಳಂತೆ. ಅಪ್ಪನ ದನಿ ಅಳಿಸಲು ಕೈ ಬರದೆ ಲಾಕು ಹಾಕಿ ಇಟ್ಟಳಂತೆ.

ಆ ದಿನ ನಾನು ಆಕೆಯನ್ನು ಹೊಡೆಯಲಿಲ್ಲ, ಹತ್ತಿರವೂ ಕರೆಯಲಿಲ್ಲ. ಇಪ್ಪತ್ತು ವರ್ಷದ ಹುಡುಗಿ ಅಪ್ಪನನ್ನು ಕುಡಚಿಗೆ ಕರೆದೊಯ್ದು, ರೈಲು ಹತ್ತಿಸಿ, ಮೀರಜದಲ್ಲಿ ಮರಾಠಿಯಲ್ಲಿ ಮಾತಾಡಿ, ಸಂಜೆ ಬಂದು ನನ್ನ ಫೋನಿಗೆ ಎಲ್ಲ ಆರಾಮ ಎಂದು ಹೇಳಿದ್ದಳು. ಎಂಟು ತಿಂಗಳು. ಆಕೆಯ ಮೇಲೆ ಎಷ್ಟು ಭಾರ ಬಿದ್ದಿತ್ತು ಎಂದು ನನಗೆ ತಿಳಿಯುತ್ತಿತ್ತು. ಆದರೆ ಆ ಭಾರದಲ್ಲಿ ಅರ್ಧ ನನ್ನದು. ನನ್ನ ಪಾಲನ್ನು ನನಗೆ ಕೊಡದೆ ಇಬ್ಬರೂ ಹೊತ್ತರು. ನನಗೆ ಒಳ್ಳೆಯದಾಗಲಿ ಎಂದೇ ಹೊತ್ತರು. ಅದನ್ನೇ ನಾನು ಕ್ಷಮಿಸಲಾರೆ. ಕೆಲಸ ದೊಡ್ಡದೋ ಗಂಡ ದೊಡ್ಡವನೋ ಎಂದು ನನ್ನನ್ನು ಕೇಳಬೇಕಿತ್ತು. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಲಿಲ್ಲ.

ಕೊನೆಗೆ ನಾನು ಆಕೆಗೆ ಒಂದು ಮಾತು ಹೇಳಿದೆ. ಅಳುವುದು ಬೇಡ, ತಪ್ಪಾಯಿತು ಎನ್ನುವುದೂ ಬೇಡ. ಆ ದನಿಗಳನ್ನು ಮೊದಲಿನಿಂದ ಒಂದೊಂದೇ ಹಚ್ಚು. ಪ್ರತಿಯೊಂದಕ್ಕೂ ಆ ದಿನ ಏನಾಯಿತು, ಎಲ್ಲಿ ಇದ್ದಿರಿ, ಅವರು ಏನು ಉಂಡರು, ಏನು ಅಂದರು, ಹೇಳು. ಆ ಎಂಟು ತಿಂಗಳು ನನಗೆ ಬೇಕು.

ಮೂರು ಸಲ ಊರಿಗೆ ಬಂದಾಗ ಕೂತು ಅದನ್ನು ಮುಗಿಸಿದೆವು. ಹಗಲು ಹೊತ್ತಿನಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಮೊದಲ ದಿನ ಚೀಟಿ ಮಾಡಿಸಿ ಹೊರಗೆ ಬಂದು ಇಬ್ಬರೂ ವಡೆ ತಿಂದಿದ್ದರು. ಅವರು ಎರಡು ತಿಂದು ಛಲೋ ಅದಾವು ಎಂದಿದ್ದರು. ಡಾಕ್ಟರನ್ನು ಅವರು ಕೇಳಿದ ಮೊದಲ ಮಾತು, ಮಗ್ಗದ ಮೇಲೆ ಕೂರಬಹುದೇ ಎಂದು. ದಿಂಡು ಹೊಟ್ಟೆಗೆ ತಾಗದ ಹಾಗಿದ್ದರೆ ಕೂರಬಹುದು ಎಂದಿದ್ದರಂತೆ. ಕುಡಚಿ ಸ್ಟೇಶನ್ನಿನಲ್ಲಿ ಮಗಳು ಅತ್ತಾಗ ಪೇರಲಹಣ್ಣು ಕೊಡಿಸಿ, ತಿನ್ನುವ ತನಕ ಎದುರಿಗೆ ನಿಂತಿದ್ದರಂತೆ. ನನ್ನ ತಮ್ಮನ ಮನೆಯ ವಾಸ್ತುವಿನ ದಿನ ಅವರಿಗೆ ದವಾಖಾನೆಯಲ್ಲಿ ಸಲೈನ್ ಬಾಟಲಿ ಏರಿಸಿದ್ದರು. ನಾನು ಬೈದ ಫೋನನ್ನು ಆ ಮಂಚದ ಮೇಲೆ ಮಲಗಿ ಎತ್ತಿದ್ದರು. ಅದನ್ನು ಹೇಳುವಾಗ ಮಗಳು ನಿಲ್ಲಿಸಿ ನನ್ನ ಕಡೆ ನೋಡಿದಳು. ಮುಂದೆ ಹೇಳು ಎಂದೆ. "ಅಪ್ಪ ಸಿಟ್ಟ ಮಾಡ್ಲಿಲ್ಲವ್ವ. ಬೈಯೂದು ಕೇಳಿದ್ರ ಆಕಿ ಗಟ್ಟಿ ಅದಾಳ ಅನಸತೈತಿ ಅಂದ" ಎಂದಳು. ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೂರನೆಯ ಸಲ ಎಲ್ಲ ಆದ ಮೇಲೆ, ಮುಗಿಯಿತು ಎಂದಳು. ಇಷ್ಟೇನಾ ಎಂದೆ. ಇಷ್ಟೇ ಎಂದಳು. ಮತ್ತೊಮ್ಮೆ ಕೇಳಿದೆ. ಆಕೆ ಫೋನನ್ನು ನನ್ನ ಕೈಗೆ ಕೊಟ್ಟು, ಬೇಕಾದರೆ ನೀನೇ ನೋಡು ಎಂದಳು. ನಾನು ನೋಡಿದೆ. ಕೆಳಗಿನಿಂದ ಮೇಲಿನ ತನಕ ಸರಿಸಿ ನೋಡಿದೆ. ಆಕೆ ಎದುರಿಗೇ ಕೂತಿದ್ದಳು. ಮಗಳ ಮಾತನ್ನು ಆಕೆಯ ಎದುರಿಗೇ ಪರೀಕ್ಷೆ ಮಾಡುವ ತಾಯಿ ನಾನಾಗಿದ್ದೆ. ಹೇಳಿದ್ದು ಖರೆಯೇ ಇತ್ತು, ಬೇರೆ ಏನೂ ಉಳಿದಿರಲಿಲ್ಲ.

ಈಗ ಆಕೆ ಮುಧೋಳದ ಒಂದು ಸಕ್ಕರೆ ಕಾರಖಾನೆಯ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಇನ್ನೊಬ್ಬ ಹುಡುಗಿಯ ಜೊತೆ ಖೋಲಿ ಹಿಡಿದಿದ್ದಾಳೆ. ದಿನಾ ಫೋನು ಮಾಡುತ್ತಾಳೆ. ಊಟ ಆಯಿತು ಎಂದರೆ ಏನು ಮಾಡಿದ್ದೆ ಎಂದು ಕೇಳುತ್ತೇನೆ. ಆರಾಮ ಇದ್ದೇನೆ ಎಂದರೆ ದನಿ ಯಾಕೆ ಹಾಗಿದೆ ಎಂದು ಕೇಳುತ್ತೇನೆ. ಮೊದಮೊದಲು ಆಕೆ ನಂಬು ಅವ್ವ ಎನ್ನುತ್ತಿದ್ದಳು. ಈಗ ಅನ್ನುವುದಿಲ್ಲ. ಉಣ್ಣುವ ಮೊದಲು ತಾಟಿನ ಫೋಟೋ ತೆಗೆದು ಕಳಿಸುತ್ತಾಳೆ. ನೆಗಡಿಯಾಗಿ ದವಾಖಾನೆಗೆ ಹೋದರೆ ಚೀಟಿಯ ಫೋಟೋ ಕಳಿಸುತ್ತಾಳೆ. ಕಳಿಸೆಂದು ನಾನು ಹೇಳಿಲ್ಲ. ಕಳಿಸಬೇಡ ಎಂದು ಹೇಳಬೇಕು ಎಂದು ಎಷ್ಟೋ ಸಲ ಫೋನು ಎತ್ತಿಕೊಂಡಿದ್ದೇನೆ. ಆಮೇಲೆ ಫೋಟೋ ಬರುತ್ತದೆ. ಎರಡು ರೊಟ್ಟಿ, ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತೇನೆ.